ಗ್ಲೌಸ್ ಫ್ಯಾಕ್ಟರಿಯ ಕೆನ್ನೆಯಮ್ಮ

ಆಪರೇಷನ್‌ಗೆ ಹಾಕುವ ಗ್ಲೌಸ್ ಮಾಡುವ ನಮ್ಮ ಫ್ಯಾಕ್ಟರಿಯಲ್ಲಿ ನಮ್ಮಕ್ಕನಿಗೆ ಎಲ್ಲರೂ ಕೆನ್ನೆಯಮ್ಮ ಅಂತಲೇ ಹೆಸರಿಟ್ಟಿದ್ದರು. ಗ್ಲೌಸಿನ ಬಾಯಿ ತಿರುಚಿ, ಒಳಗೆ ಗಾಳಿ ಹಿಡಿದು, ಉಬ್ಬಿದ ಬೆರಳುಗಳನ್ನು ಎಡಗೆನ್ನೆಗೆ ಒತ್ತಿಕೊಳ್ಳುವಳು. ಕಣ್ಣಿಗೆ ಕಾಣದ ತೂತಿನಿಂದ ಸೋರುವ ಗಾಳಿಯೂ ಆ ಕೆನ್ನೆಗೆ ತಿಳಿಯುತ್ತಿತ್ತು. ಪಕ್ಕದ ಮೇಜಿನಲ್ಲಿ ಡಬ್ಬಿ ತುಂಬುವ ನನಗೆ ಒಳಗೊಳಗೇ ಹೊಟ್ಟೆಕಿಚ್ಚು. ಮನೆಯಲ್ಲೂ ಅವಳದು ಅದೇ ಜಂಬ. ಮೊಮ್ಮಗಳು ಹಿಂದಿನಿಂದ ಬಂದು ಅಜ್ಜಿಯ ಕಣ್ಣು ಮುಚ್ಚಿ ಕೆನ್ನೆಗೆ ಊದಬೇಕು, ಯಾವ ಕಡೆ ಅಂತ ಇವಳು ಹೇಳಬೇಕು. ಈಚೆಗೆ ತಪ್ಪು ಹೇಳುತ್ತಿದ್ದಳು. ಬೇಕಂತಲೇ ಸೋಲುತ್ತಾಳೆ ಅಂತ ನಾವೆಲ್ಲ ನಗುತ್ತಿದ್ದೆವು.

ಗ್ಲೌಸ್ ಸಲೀಸಾಗಿ ಕೈಗೇರಲಿ ಅಂತ ಒಳಗೆ ಪುಡಿ ಹಾಕುತ್ತಿದ್ದರು. ಸಂಜೆ ನಾವು ಹಿಟ್ಟಿನ ಗಿರಣಿಯಿಂದ ಬಂದವರ ಹಾಗೆ ಕಾಣುತ್ತಿದ್ದೆವು. ಅಕ್ಕನ ಕೆನ್ನೆ ಕೆರೆದು ಕೆರೆದು ದಡ್ಡುಗಟ್ಟಿತ್ತು.

“ಪೌಡರಿನ ಖರ್ಚು ಉಳೀತಲ್ಲೇ!” ಅಂತ ಕೆಮ್ಮುತ್ತಲೇ ನಗುವಳು.

ಆಮೇಲೆ ಆರ್ಡರ್ ಬರುವುದು ಕಮ್ಮಿಯಾಯಿತು. ಆಸ್ಪತ್ರೆಗಳಿಗೆ ಈಗ ಪುಡಿಯಿಲ್ಲದ ಸಿಂಥೆಟಿಕ್ ಗ್ಲೌಸೇ ಬೇಕಂತೆ. ನಮ್ಮ ಮಾಲನ್ನು ಮೂಸಿ ನೋಡುವವರೂ ಇಲ್ಲ.

“ಪುಡಿ ಗಾಯದೊಳಗೆ ಉಳಿದ್ರೆ ರೋಗಿಗೆ ತೊಂದ್ರೆ ಅಮ್ಮ,” ಅಂದ ಸೂಪರ್‌ವೈಸರ್.

“ನಮ್ಮ ಮೂಗಿಗೆ ಹೋಗಿದ್ದು?” ಅಂತ ಅಕ್ಕ ಕೇಳಿದಳು. ಅವನು ಗಡಿಯಾರ ನೋಡಿದ.

ಕೊನೆಗೆ ನಮ್ಮಲ್ಲೂ ಸಿಂಥೆಟಿಕ್ಕೇ ಶುರುವಾಯಿತು. ಆ ಹೊಸ ಗ್ಲೌಸನ್ನು ಮಿಷನ್ನೇ ಪರೀಕ್ಷೆ ಮಾಡುತ್ತದೆ. ಕೊನೆಯಲ್ಲೊಮ್ಮೆ ಕೈಯಲ್ಲಿ ನೋಡಲು ಒಬ್ಬರು ಸಾಕು. ಆ ಜಾಗ ಸಿಕ್ಕರೆ ಅಕ್ಕನಿಗೆ ಕೆಲಸ, ಇಲ್ಲದಿದ್ದರೆ ಮನೆ. ಸೂಪರ್‌ವೈಸರ್ ಕೆಲವು ಗ್ಲೌಸಿಗೆ ತಾನೇ ಸೂಜಿ ಚುಚ್ಚಿ ರಾಶಿಯಲ್ಲಿ ಬೆರೆಸಿದ. ನೀರು ಕುಡಿದಷ್ಟು ಸುಲಭ ಅಂತ ನಾನು ಬೀಗಿದೆ. ಅಕ್ಕ ಒಂದೊಂದನ್ನೇ ಕೆನ್ನೆಗೆ ಒತ್ತಿ, ಎಲ್ಲವನ್ನೂ ಸರಿ ಅಂತ ಪಕ್ಕಕ್ಕಿಟ್ಟಳು.

ಅವನು ಅದರಲ್ಲೊಂದಕ್ಕೆ ನೀರು ತುಂಬಿದ. ಹೆಬ್ಬೆರಳಿನಿಂದ ಸಣ್ಣಗೆ ಸೋರಿತು. ಇನ್ನೊಂದಕ್ಕೆ ತುಂಬಿದ, ಅದೂ ಸೋರಿತು.

“ಹೊಸ ರಬ್ಬರು ಸಾರ್, ಇನ್ನೂ ಒಗ್ಗಿಲ್ಲ,” ಅಂದಳು ಅಕ್ಕ. ನಾನೂ ಹಾಗೇ ನಂಬಿದೆ. ಅವನು ನಂಬಲಿಲ್ಲ. ಆ ಜಾಗ ಬೇರೆಯವಳ ಪಾಲಾಯಿತು.

ದಾರಿಯುದ್ದಕ್ಕೂ ನಾನು ಆ ರಬ್ಬರಿಗೆ, ಸೂಪರ್‌ವೈಸರಿಗೆ ಹಿಡಿಶಾಪ ಹಾಕಿದೆ.

ಮನೆಯಲ್ಲಿ ಅಕ್ಕ ಚಪ್ಪಲಿ ಬಿಟ್ಟು ಕೂತಳೋ ಇಲ್ಲವೋ, ಮೊಮ್ಮಗಳು ಹಿಂದಿನಿಂದ ಬಂದು ಅವಳ ಕಣ್ಣು ಮುಚ್ಚಿದಳು. ಎಡಗೆನ್ನೆಗೆ ಊದಿದಳು. ಅಕ್ಕ ಸುಮ್ಮನಿದ್ದಳು. ಮಗು ಕತ್ತು ಚಾಚಿ ಇನ್ನೊಮ್ಮೆ ಜೋರಾಗಿ ಊದಿತು. ಅಕ್ಕನ ಕಿವಿಯ ಹತ್ತಿರದ ಬಿಳಿಕೂದಲು ಹಾರಾಡಿತು.

“ಊದೇ ಪುಟ್ಟಿ,” ಅಂದಳು ಅಕ್ಕ, “ಎಷ್ಟೊತ್ತು ಕಾಯಿಸ್ತೀಯ?”