ಹಸಿರು ಬಳಿದ ಹನ್ನೆರಡು ಮನೆ

ಭೂಬಳಕೆ ಕಚೇರಿಯ ನಕ್ಷೆಗಾರನಿಗೆ ಕೋಪ ಮೂಗಿನ ತುದಿಯಲ್ಲೇ ಇತ್ತು. ಮೂವತ್ತು ವರ್ಷ ಅದೇ ಓರೆ ಮೇಜು, ಅದೇ ಎರಡು ಕುಂಚ. ಅವನ ಬಣ್ಣ ಗೆರೆ ದಾಟಿದ್ದನ್ನು ಯಾರೂ ಕಂಡವರಿಲ್ಲ, ಆ ಹೆಮ್ಮೆಯಲ್ಲೇ ಮನುಷ್ಯ ಬೀಗುತ್ತಿದ್ದ. ಹಳದಿ ಎಂದರೆ ಮನೆ, ಹಸಿರು ಎಂದರೆ ಉದ್ಯಾನ. ನೆಲದ ಮೇಲೆ ನಿಜವಾಗಿ ಏನಿದೆ ಎಂದು ಹೋಗಿ ನೋಡುವುದು ಅವನ ಕೆಲಸವಲ್ಲ, ನೋಡಿದವನೂ ಅಲ್ಲ.

ಸರ್ಕಾರ ಇಪ್ಪತ್ತು ವರ್ಷಕ್ಕೊಮ್ಮೆ ಭೂಬಳಕೆ ನೀತಿಯನ್ನು ಪರಿಷ್ಕರಿಸುತ್ತಿತ್ತು. ಈ ಸಲದ ಕರಡಿನಲ್ಲಿ ಹೊಸದೊಂದು ಸಾಲು ಸೇರಿತು: ಹಸಿರು ಜಾಗದಲ್ಲಿ ಮನೆಗಳಿದ್ದರೆ ಒಡೆಯಬೇಕು. ಆಕ್ಷೇಪಣೆಗೆ ಅರವತ್ತು ದಿನ. ಆಕ್ಷೇಪಣೆ ತೆಗೆದುಕೊಳ್ಳುವ ಕಿಟಕಿಗೆ ಸಿಬ್ಬಂದಿ ಸಾಲದೆಂದು ನಕ್ಷೆಗಾರನನ್ನೇ ಕೂರಿಸಿದರು.

ಜನ ಕಾಗದ ಹಿಡಿದು ಬಂದರು. ಇವನು ತಲೆ ಎತ್ತಲಿಲ್ಲ. ಕಾಗದದಲ್ಲಿದ್ದ ಜಾಗದ ಸಂಖ್ಯೆ ನೋಡುತ್ತಿದ್ದ, ನಕ್ಷೆ ನೋಡುತ್ತಿದ್ದ, ಸ್ವೀಕೃತಿ ಮುದ್ರೆ ಒತ್ತದೆ ಕಾಗದ ವಾಪಸ್ ತಳ್ಳುತ್ತಿದ್ದ.

"ಸ್ವಾಮಿ, ಅಲ್ಲಿ ನಮ್ಮ ಮನೆ ಇದೆ."

"ನಕ್ಷೇಲಿ ಉದ್ಯಾನ ಇದೆ. ನಕ್ಷೆ ಸುಳ್ಳು ಹೇಳಲ್ಲ, ಜನ ಹೇಳ್ತಾರೆ. ಸುಮ್ನೆ ಯಾಕೆ ಓಡಾಡ್ತೀರಾ? ಹೋಗಿ."

ಅವರು ಹೋಗುತ್ತಿದ್ದರು. ಅರವತ್ತನೆಯ ದಿನ, ಕಿಟಕಿ ಮುಚ್ಚಲು ಹತ್ತು ನಿಮಿಷವಿದ್ದಾಗ ಒಂದು ಕಾಗದ ಬಂತು. ತಳ್ಳಿದ. ಅದು ತಿರುಗಿ ಬಂತು.

"ಮುದ್ರೆ ಒತ್ತೋ, ಮೂದೇವಿ!"

ಧ್ವನಿ ಕೇಳಿ ತಲೆ ಎತ್ತಿದ. ಅಕ್ಕ! ಇವನಿಗೆ ಅವಳ ಮನೆ ಗೊತ್ತಿತ್ತು, ಸಂಖ್ಯೆ ಗೊತ್ತಿರಲಿಲ್ಲ.

"ಅಕ್ಕಾ, ಇದು ಹಸಿರು ಕಣೇ..."

"ಹಸಿರೋ ಕೆಂಪೋ, ನೀನು ಒತ್ತು."

ಒತ್ತಿದ. ಐದು ಗಂಟೆ ಹೊಡೆಯಿತು, ಕಿಟಕಿ ಮುಚ್ಚಿತು.

ಮರುದಿನ ಹಳೆಯ ಕಪಾಟು ತೆರೆದ. ಆ ಬೀದಿಯ ಅಳತೆಯ ಹಾಳೆಯೇ ಇರಲಿಲ್ಲ, ಇಪ್ಪತ್ತು ವರ್ಷದ ಹಿಂದೆಯೇ ಗೆದ್ದಲು ತಿಂದಿತ್ತು. ಆಗಲೇ ನೆನಪಾಯಿತು. ಹಾಳೆ ಇಲ್ಲದ ಕಡೆ ಪಕ್ಕದ ಬಣ್ಣವನ್ನೇ ಎಳೆಯುವುದು ಈ ಕಚೇರಿಯ ರೂಢಿ. ಪಕ್ಕದಲ್ಲಿ ಉದ್ಯಾನವಿತ್ತು, ಹಿಂದಿನ ಪರಿಷ್ಕರಣೆಯಲ್ಲಿ ಇವನೇ ಹಸಿರನ್ನು ಎಳೆದಿದ್ದ. ಬಣ್ಣ ಒಣಗುವಷ್ಟರಲ್ಲಿ ಊಟ ಮಾಡಿ ಬರೋಣವೆಂದು ಹೋದದ್ದು ಅದೇ ಅಕ್ಕನ ಮನೆಗೆ. ನಿವೃತ್ತಿಗೆ ಎಂಟು ತಿಂಗಳಿತ್ತು. ಬಾಯಿಗೆ ಬೀಗ ಹಾಕಿಕೊಂಡು ಕೂತ.

ವಿಚಾರಣೆಯ ದಿನ ಅಧಿಕಾರಿ ಅಕ್ಕನಿಗೆ ಎರಡು ನಿಮಿಷ ಕೊಟ್ಟರು. ನಕ್ಷೆಗಾರ ಪಕ್ಕದಲ್ಲಿ ನಕ್ಷೆ ಹಿಡಿದು ನಿಂತಿದ್ದ.

"ಮೂವತ್ತು ವರ್ಷದಿಂದ ಅಲ್ಲೇ ಇದೀನಿ. ಗಂಡ ಹೋದ್ಮೇಲೆ ನನಗಿರೋದು ಆ ನಾಲ್ಕು ಗೋಡೆ," ಎಂದಳು ಅಕ್ಕ.

"ನಕ್ಷೇಲಿ ಉದ್ಯಾನ ಇದೆಯಲ್ಲಮ್ಮಾ." ಅಧಿಕಾರಿ ಗಡಿಯಾರ ನೋಡಿಕೊಂಡು ಇವನ ಕಡೆ ತಿರುಗಿದರು. "ಏನ್ರೀ, ನಕ್ಷೆ ಸರಿಯಿದೆ ತಾನೆ?"

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಅಕ್ಕ ಇವನನ್ನು ನೋಡಲೂ ಇಲ್ಲ.

"ಸುಳ್ಳು ಸರ್," ಎಂದ. "ಹಾಳೆ ಇರ್ಲಿಲ್ಲ. ಅಂದಾಜಿನಲ್ಲಿ ಬಳಿದೋನು ನಾನೇ. ಆ ಬೀದೀಲಿ ಹನ್ನೆರಡು ಮನೆ ಇದೆ."

ಅಧಿಕಾರಿಗೆ ಸಿಟ್ಟು ನೆತ್ತಿಗೇರಿತು. "ಬರೆದು ಕೊಡಿ. ನಿಮ್ಮ ವಿಚಾರ ಆಮೇಲೆ ನೋಡ್ಕೋತೀನಿ. ಇವರ ಮನೆ ಹಳದಿ ಮಾಡಿ."

"ಉಳಿದ ಹನ್ನೊಂದು ಸರ್?"

"ಆಕ್ಷೇಪಣೆ ಕೊಟ್ಟಿದಾರಾ? ಇಲ್ಲ ಅಲ್ವಾ? ಅರವತ್ತು ದಿನ ಮುಗೀತು. ಮುಂದಿನವರು ಬನ್ನಿ."

ಅಕ್ಕನ ಹಿಂದೆ ಓಡಿ ಮೆಟ್ಟಿಲ ಬಳಿ ಹಿಡಿದ. ಕೆಲಸ ಪಣಕ್ಕಿಟ್ಟು ಮನೆ ಉಳಿಸಿಕೊಟ್ಟಿದ್ದ, ಒಂದು ಒಳ್ಳೆಯ ಮಾತು ಬೇಕಿತ್ತು, ನಾಚಿಕೆಗೆಟ್ಟವನಿಗೆ.

"ನಿನ್ನ ಮನೆ ಉಳೀತಲ್ಲ ಅಕ್ಕಾ."

"ಹನ್ನೊಂದು ಮನೆಯೋರೂ ನಿನ್ನ ಕಿಟಕಿಗೆ ಬಂದಿದ್ರು ಕಣೋ," ಎಂದಳು ಅಕ್ಕ. ಧ್ವನಿ ಏರಲಿಲ್ಲ. "ನೀನು ಮುಖ ನೋಡ್ಲಿಲ್ಲ. ನೀನು ನನ್ನ ತಮ್ಮ ಅಂತ ಅವರಿಗೆ ಗೊತ್ತಿತ್ತು. ಅಕ್ಕನ ಬೀದಿ ಒಡೆಯೋಕೆ ಬಿಡ್ತಾನಾ, ಇವನು ಹೋಗಿ ಅಂದ್ಮೇಲೆ ಏನೂ ಆಗಲ್ಲ ಅಂತ ನಂಬ್ಕೊಂಡು ಹೋದ್ರು. ನಿನ್ನನ್ನ ನಂಬದೋಳು ನಾನೊಬ್ಬಳೇ. ಅದಕ್ಕೇ ನನ್ನ ಮನೆ ಉಳೀತು."

ಅವಳು ಮೆಟ್ಟಿಲಿಳಿದು ಹೋದಳು. ಮಧ್ಯಾಹ್ನ ಅವನು ಹಳದಿ ಕಲಸಿ, ಸಣ್ಣ ಕುಂಚ ಹಿಡಿದು, ಹಸಿರಿನ ನಡುವೆ ಒಂದೇ ಒಂದು ಚೌಕ ತುಂಬಿದ. ಗೆರೆ ದಾಟಲಿಲ್ಲ.