ಅಪ್ಪಯ್ಯ ಕುಯ್ದ ಬದನೆಕಾಯಿ

ಅವ್ವ ತೀರಿಕೊಂಡ ವರ್ಷ ನಮ್ಮ ಮನೆಯ ಒಲೆ ಅಪ್ಪಯ್ಯನ ಕೈಗೆ ಬಂತು. ಆಗಿನ್ನೂ ಬಿಳಿ ದೊರೆಗಳ ಕಾಲ. ಮೂಡಿಗೆರೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಅಪ್ಪಯ್ಯ ಮೇಸ್ತ್ರಿಯಾಗಿದ್ದರು. ಬೆಳಗಿನಿಂದ ಸಂಜೆಯವರೆಗೆ ಆಳುಗಳ ಹಿಂದೆ ತೋಟ ಸುತ್ತುವ ಕೆಲಸ. ಅವರು ಒಮ್ಮೆ ಕೂಗಿದರೆ ಆಚೆ ಗುಡ್ಡದಲ್ಲಿ ಕೂತವರೂ ಎದ್ದು ನಿಲ್ಲುತ್ತಿದ್ದರು. ಅಂಥ ಮನುಷ್ಯ ಸಂಜೆ ಮನೆಗೆ ಬಂದು, ಕೋಟು ಬಿಚ್ಚಿ ಗೂಟಕ್ಕೆ ಸಿಕ್ಕಿಸಿ, ಈಳಿಗೆಮಣೆ ಎಳೆದುಕೊಂಡು ತರಕಾರಿ ಹೆಚ್ಚಲು ಕೂರುತ್ತಿದ್ದರು. ಇನ್ನೊಂದು ಮದುವೆ ಮಾಡಿಕೋ ಎಂದು ನೆಂಟರೆಲ್ಲ ಹಿಡಿದುಕೊಂಡರು. "ಅಡಿಗೆ ಮಾಡೋರಿಲ್ಲ ಅಂತ ಮದ್ವೆ ಆಗೋದಾ? ಅದರ ಬದ್ಲು ಅಡಿಗೆ ಕಲೀತೀನಿ ಬಿಡಿ" ಅಂದರು ಅಪ್ಪಯ್ಯ.

ಆದರೆ ಕಲಿಯುವುದು ಅಷ್ಟು ಸಲೀಸಾಗಿರಲಿಲ್ಲ. ಮೊದಲ ಸಲ ಬದನೆಕಾಯಿ ಹೆಚ್ಚಿ ಮೊರದಲ್ಲಿ ಹರವಿಟ್ಟು ಒಲೆ ಹೊತ್ತಿಸಲು ಹೋದರು. ಹಸಿ ಸೌದೆ ಹೊತ್ತಿಕೊಳ್ಳುವಷ್ಟರಲ್ಲಿ ಹೋಳೆಲ್ಲ ಕಪ್ಪಾಗಿದ್ದವು. ಪಲ್ಯ ಬಾಯಿಗಿಟ್ಟರೆ ಬರೀ ಬೀಜ, ಕಹಿ. ನನ್ನ ತಟ್ಟೆಯಲ್ಲಿ ಒಂದು ಹುಳವೂ ಸಿಕ್ಕಿತು. ಅಪ್ಪಯ್ಯ ತಟ್ಟೆ ಎತ್ತಿಕೊಂಡು ಹೋಗಿ ಕೋಳಿಗೆ ಸುರಿದು, ನನಗೆ ಅನ್ನಕ್ಕೆ ಮಜ್ಜಿಗೆ ಕಲಸಿ ಕೊಟ್ಟರು. ಮಾರನೆಯ ದಿನ ತೋಟದಲ್ಲಿ, ತಮ್ಮ ಕೈಕೆಳಗೆ ಕೆಲಸ ಮಾಡುವ ಹೆಂಗಸರನ್ನೇ ಕೇಳಿದರಂತೆ, ಬದನೆಕಾಯಿ ಕಪ್ಪಾಗದ ಹಾಗೆ ಏನು ಮಾಡಬೇಕು ಎಂದು. ಅವರು ಸೆರಗು ಬಾಯಿಗಿಟ್ಟು ನಕ್ಕರು. ಅಪ್ಪಯ್ಯನೂ ನಕ್ಕರು. ಉಪ್ಪು ನೀರಲ್ಲಿ ಹಾಕಬೇಕು ಎಂದು ತಿಳಿದುಕೊಂಡು ಬಂದರು.

ಕೆಲವು ವರ್ಷಗಳಲ್ಲಿ ಅವರ ಕೈ ಹೇಗೆ ಪಳಗಿತೆಂದರೆ, ಬದನೆಕಾಯಿ ಎಣ್ಣೆಗಾಯಿ ಎಂದರೆ ನಮ್ಮ ಮನೆಯದ್ದು ಎಂದು ನಾನೇ ಗೆಳತಿಯರ ಹತ್ತಿರ ಜಂಬ ಕೊಚ್ಚುತ್ತಿದ್ದೆ.

ನನಗೆ ಮದುವೆಯ ವಯಸ್ಸಾಯಿತು. ಕಳಸದ ಕಡೆಯಿಂದ ಒಂದು ಸಂಬಂಧ ಬಂತು. ಸ್ವಲ್ಪ ಗದ್ದೆ, ಸ್ವಲ್ಪ ಕಾಫಿ ಇದ್ದ ಮನೆ. ಕಾಫಿ ಕುಯ್ಲು ಮುಗಿದ ಮೇಲೆ ಒಂದು ಸೋಮವಾರ ಹೆಣ್ಣು ನೋಡಲು ಬರುವುದಾಗಿ ಹೇಳಿ ಕಳಿಸಿದರು. ಸೋಮವಾರ ಅವರು ಮಾಂಸ ಮುಟ್ಟುವವರಲ್ಲ. ಕೋಳಿ ಕುಯ್ಯುವಂತಿಲ್ಲವಾದ್ದರಿಂದ ಕಡುಬು, ಎಣ್ಣೆಗಾಯಿ ಎಂದು ಅಪ್ಪಯ್ಯ ತೀರ್ಮಾನ ಮಾಡಿದರು.

ಹಿಂದಿನ ದಿನ ನನ್ನನ್ನೂ ಕರೆದುಕೊಂಡು ಹೊಳೆಯಂಚಿನ ಗದ್ದೆಗೆ ಹೋದರು. ಭತ್ತ ಕುಯ್ದ ಮೇಲೆ ಅಲ್ಲೊಬ್ಬ ಮುದುಕಿ ಬದನೆ ಹಾಕುತ್ತಿದ್ದಳು. ಅಪ್ಪಯ್ಯ ಒಂದೊಂದೇ ಕಾಯಿ ಕೈಯಲ್ಲಿ ತೂಗಿ ನೋಡುತ್ತಾ ಹೋದರು. ಗಾತ್ರಕ್ಕೆ ಹಗುರ ಇದ್ದರೆ ಇಟ್ಟುಕೊಂಡರು. ಭಾರ ಇದ್ದದ್ದು ಬಲಿತು ಬೀಜ ಕಟ್ಟಿರುತ್ತದೆ ಎಂದು ಬಿಟ್ಟರು. ತೊಟ್ಟಿನ ಮುಳ್ಳು ಚುಚ್ಚಬೇಕು, ಬೆರಳಿಂದ ಒತ್ತಿದ ಕುಳಿ ತಕ್ಷಣ ತುಂಬಿಕೊಳ್ಳಬೇಕು. ಸೂಜಿ ಚುಚ್ಚಿದಷ್ಟು ತೂತು ಕಂಡರೂ ಆ ಕಾಯಿ ಬೇಡ.

ಮುದುಕಿಗೆ ತಾಳ್ಮೆ ಹೋಯಿತು. "ಎಂತ ಮೇಸ್ತ್ರಿಗಳೇ, ಮಗಳಿಗೆ ಗಂಡು ಹುಡುಕ್ದಂಗೆ ಹುಡುಕ್ತೀರಲ್ಲ!"

"ಗಂಡು ಸಿಗ್ತಾನೆ ಮಾರಾಯ್ತಿ, ಎಳೆ ಬದ್ನೆಕಾಯಿ ಸಿಗೋದೇ ಕಷ್ಟ" ಅಂದರು ಅಪ್ಪಯ್ಯ. ನಾನು ನಾಚಿಕೊಂಡು ಬುಟ್ಟಿ ಹೊತ್ತು ಮುಂದೆ ನಡೆದೆ.

ಅಪ್ಪಯ್ಯನ ಅಕ್ಕ, ನಮ್ಮ ದೊಡ್ಡತ್ತೆ, ಮನೆಗೆ ಹೆಂಗಸೊಬ್ಬಳು ಬೇಕು ಎಂದು ಆಗಲೇ ಬಂದಿದ್ದಳು. ಸೋಮವಾರ ಬೆಳಿಗ್ಗೆ ಅಪ್ಪಯ್ಯ ಕಿಟಕಿಯ ಬೆಳಕಿಗೆ ಈಳಿಗೆಮಣೆ ಇಟ್ಟುಕೊಂಡು ಕೂತರು. ತೊಟ್ಟಿನ ಮುಳ್ಳು ಸವರಿ, ತೊಟ್ಟು ಹಾಗೇ ಬಿಟ್ಟು, ಬುಡದಿಂದ ನಾಲ್ಕು ಸೀಳು ಮಾಡಿದರು. ಸೀಳಿದ್ದನ್ನು ಎರಡು ಹೆಬ್ಬೆರಳಲ್ಲಿ ಮೆಲ್ಲಗೆ ಬಿಡಿಸಿ ಒಳಗೆ ಇಣುಕಿ ನೋಡಿಯೇ ಉಪ್ಪು ನೀರಿಗೆ ಬಿಡುತ್ತಿದ್ದರು. ಹೊರಗೆ ತೂತಿಲ್ಲದ ಕಾಯಿಯೊಳಗೂ ಹುಳ ಇರುತ್ತದೆ ಎಂಬುದನ್ನು ಅವರು ನನ್ನ ತಟ್ಟೆಯಿಂದಲೇ ಕಲಿತಿದ್ದರು.

ದೊಡ್ಡತ್ತೆ ನೋಡಿ ನೋಡಿ ಕೊನೆಗೆ ಹೇಳಿದಳು: "ಗಂಡಸು ಒಲೆ ಮುಂದೆ ಕೂತಿದ್ದು ಅವ್ರಿಗೆ ಗೊತ್ತಾದ್ರೆ ಏನಂದ್ಕೊಂತಾರೆ? ಹುಡ್ಗಿಗೆ ಅಡಿಗೆ ಬರಲ್ಲ ಅಂತಾರೆ. ಕೇಳಿದ್ರೆ ನಾನು ಮಾಡ್ದೆ ಅಂತೀನಿ. ನೀನು ಬಾಯಿ ಬಿಡ್ಬೇಡ."

ಅಪ್ಪಯ್ಯ ಕಾಯಿಮಸಾಲೆ ತುಂಬುತ್ತಿದ್ದ ಕೈ ನಿಲ್ಲಿಸಿ ನನ್ನ ಕಡೆ ನೋಡಿದರು. "ಆಯ್ತಕ್ಕ" ಅಂದರು. ಅಷ್ಟು ಬೇಗ ಒಪ್ಪಿಕೊಂಡದ್ದು ನನಗಾಗಿ ಎಂದು ಗೊತ್ತಿದ್ದರಿಂದ ನನಗೆ ಇನ್ನಷ್ಟು ಸಂಕಟವಾಯಿತು.

ಮಧ್ಯಾಹ್ನ ಗಂಡು, ಅವನ ತಾಯಿ, ಸೋದರಮಾವ ಬಂದರು. ಎಲೆ ಹಾಕಿದೆವು. ಗಂಡಿನ ತಾಯಿ ಹೆಚ್ಚು ಮಾತಿನವರಲ್ಲ. ಕಡುಬು ಮುರಿದು ಎಣ್ಣೆಗಾಯಿಯ ಜೊತೆ ತಿಂದರು. ಇನ್ನೊಂದು ಕಾಯಿ ಹಾಕಿಸಿಕೊಂಡರು. ಆಮೇಲೆ ತಲೆಯೆತ್ತಿ ಕೇಳಿದರು: "ಒಂದ್ರಲ್ಲೂ ಬೀಜ ಸಿಕ್ಲಿಲ್ಲ. ಬೆಂದಿದ್ರೂ ತೊಟ್ಟು ಬಿಟ್ಟಿಲ್ಲ. ಯಾರು ಮಾಡಿದ್ದು?"

"ಏನೋ, ನಂಗೆ ತಿಳಿದಷ್ಟು..." ಎಂದು ದೊಡ್ಡತ್ತೆ ಶುರು ಮಾಡಿದಳು.

ಬಡಿಸುತ್ತಿದ್ದ ನಾನು ಸೌಟು ಹಿಡಿದು ಅಲ್ಲೇ ನಿಂತುಬಿಟ್ಟೆ. ಆ ಕಾಲದಲ್ಲಿ ನೋಡಲು ಬಂದವರ ಎದುರು ಹುಡುಗಿ ಬಾಯಿ ಬಿಡುವುದು ಎಲ್ಲಾದರೂ ಉಂಟೆ? ಆದರೂ ಮಾತು ಬಂದುಬಿಟ್ಟಿತು. "ನಮ್ಮ ಅಪ್ಪಯ್ಯ ಮಾಡಿದ್ದು. ಆರ್ಸಿ ತಂದಿದ್ದು, ಕುಯ್ದಿದ್ದು, ಬೇಯ್ಸಿದ್ದು ಎಲ್ಲಾ ಅವರೇ. ನಂಗೆ ಅಡಿಗೆ ಕಲ್ಸಿದ್ದೂ ಅವರೇ."

ದೊಡ್ಡತ್ತೆಯ ಮುಖ ಇಳಿಯಿತು. ಸೋದರಮಾವ ಜೋರಾಗಿ ನಕ್ಕು, "ಏನ್ರೀ ಮೇಸ್ತ್ರಿಗಳೇ, ಸೌಟೂ ಹಿಡೀತೀರಾ?" ಎಂದರು.

ಅಪ್ಪಯ್ಯ ನೀರಿನ ಚೊಂಬು ಕೆಳಗಿಟ್ಟರು. ನೆಟ್ಟಗೆ ನಿಂತು, "ಹೌದು. ಇವಳ ತಾಯಿ ಹೋದ್ಮೇಲೆ ಹಿಡಿದೆ. ಇವಳು ಒಂದು ದಿನಾನೂ ಹಸ್ಕೊಂಡು ಮಲಗಿಲ್ಲ" ಅಂದರು. ತೋಟದಲ್ಲಿ ಕೂಗುವ ಧ್ವನಿಯಲ್ಲ, ಮೆಲ್ಲಗೇ ಹೇಳಿದರು. ಸೋದರಮಾವನ ನಗು ನಿಂತಿತು. ಗಂಡಿನ ತಾಯಿ ಊಟ ಮುಗಿಸಿದರು. ಎಲೆಯಲ್ಲಿ ಬದನೆಯ ತೊಟ್ಟು ಬಿಟ್ಟು ಬೇರೇನೂ ಉಳಿದಿರಲಿಲ್ಲ.

"ಹೇಳಿ ಕಳಿಸ್ತೀವಿ" ಎಂದು ಹೊರಟುಹೋದರು. ಗಾಡಿ ತಿರುವು ದಾಟುವ ಮೊದಲೇ ದೊಡ್ಡತ್ತೆ ನನ್ನ ಮೇಲೆ ಹಾರಿದಳು. "ಒಳ್ಳೆ ಸಂಬಂಧ ಕೆಡಿಸ್ದೆ!" ಅಪ್ಪಯ್ಯ ಅವಳನ್ನು ತಡೆದರು. ನನ್ನನ್ನು ಬೈಯಲಿಲ್ಲ, ಹೊಗಳಲೂ ಇಲ್ಲ. ರಾತ್ರಿ ಉಣ್ಣುವಾಗ, ಉಳಿದಿದ್ದ ಒಂದೇ ಒಂದು ಎಣ್ಣೆಗಾಯಿಯನ್ನು ನನ್ನ ತಟ್ಟೆಗೆ ಹಾಕಿದರು.

ದಿನಗಳು ಕಳೆದವು. ಸುದ್ದಿ ಬರಲಿಲ್ಲ. ನನಗೂ ಒಳಗೊಳಗೇ ಅಳುಕು ಶುರುವಾಗಿತ್ತು. ಕೊನೆಗೆ ಒಂದು ಮಧ್ಯಾಹ್ನ ಆ ಸೋದರಮಾವನೇ ನಡೆದುಕೊಂಡು ಬಂದರು. ಜಗಲಿಯಲ್ಲಿ ಕೂತು ಬೆವರು ಒರೆಸಿಕೊಂಡು ಹೇಳಿದರು: "ನಂಗೆ ಅಷ್ಟು ಮನಸ್ಸಿರ್ಲಿಲ್ಲ, ಸುಳ್ಳು ಯಾಕೆ ಹೇಳ್ಲಿ. ನಮ್ಮಕ್ಕ ಬಿಡ್ಲಿಲ್ಲ. ಅಪ್ಪನ್ನ ನಾಲ್ಕು ಜನರ ಮುಂದೆ ಬಿಟ್ಟುಕೊಡದ ಹುಡ್ಗಿ ನಾಳೆ ನಮ್ಮನ್ನೂ ಬಿಟ್ಟುಕೊಡಲ್ಲ, ಇವಳೇ ಬೇಕು ಅಂತ ಕೂತಿದ್ದಾಳೆ." ಆಮೇಲೆ ಸ್ವಲ್ಪ ತಡೆದು, "ಊಟಕ್ಕೆ ಎಂತ ಇದೆ?" ಎಂದು ಕೇಳಿದರು.

ಮದುವೆಯ ಹಿಂದಿನ ದಿನ ಚಪ್ಪರದಡಿಯಲ್ಲಿ ಆಳುಗಳ ಲೈನಿನ ಹೆಂಗಸರೆಲ್ಲ ಸಾಲಾಗಿ ತರಕಾರಿ ಹೆಚ್ಚಲು ಕೂತರು. ಬದನೆಕಾಯಿಯ ರಾಶಿಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. "ಅದು ಮೇಸ್ತ್ರಿಗಳದ್ದು" ಎಂದು ಬಿಟ್ಟಿದ್ದರು. ಅಪ್ಪಯ್ಯ ಹೊಸ ಪಂಚೆ ಎತ್ತಿ ಕಟ್ಟಿ ಅವರ ನಡುವೆ ಬಂದು ಕೂತು, ಕಾಯಿಗಳನ್ನು ಎರಡು ಪಾಲು ಮಾಡಿದರು. ಬಲಿತದ್ದು ಹುಳಿಗೆ, ಎಳೆಯದು ಎಣ್ಣೆಗಾಯಿಗೆ. ಎಸ್ಟೇಟಿನ ಲೆಕ್ಕ ಬರೆಯುವ, ಅಪ್ಪಯ್ಯನಿಗಿಂತ ಮೇಲಿನ ರೈಟರು ಆ ಕಡೆ ಹಾದುಹೋಗುವಾಗ ನಿಂತು ನೋಡಿದರು. ಅಪ್ಪಯ್ಯ ಏಳಲಿಲ್ಲ, ಕೂತಲ್ಲಿಂದಲೇ ನಮಸ್ಕಾರ ಹೇಳಿ, "ನಾಳೆ ಊಟಕ್ಕೆ ಬರ್ಬೇಕು" ಎಂದು ಕರೆದರು.

ನಾನು ಅರಿಸಿನ ಹಚ್ಚಿಸಿಕೊಂಡು ಒಳಗೆ ಕೂತಿದ್ದೆ. ತಲೆ ತಗ್ಗಿಸಿ ಕೂರಬೇಕು ಎಂದು ದೊಡ್ಡತ್ತೆ ಎಷ್ಟು ಸಲ ಹೇಳಿದರೂ, ಬಾಗಿಲಿನಾಚೆ ಅಪ್ಪಯ್ಯ ಒಂದೊಂದೇ ಕಾಯಿ ಸೀಳಿ ಬೆಳಕಿಗೆ ಹಿಡಿಯುವುದನ್ನು ನೋಡುತ್ತಲೇ ಇದ್ದೆ.