ಬೆಲ್ಲ-ನೀರಿನ ಮರ್ಯಾದೆ

ನನ್ನನ್ನೂ ಯಾರಾದರೂ ಪರಂಗಿ ಎಂದು ಕರೆದಾರು ಎಂದು ನಾನು ಎಣಿಸಿರಲಿಲ್ಲ. ನನ್ನ ಬಣ್ಣ ನೋಡಿದವರು ಯಾರೂ ಎಣಿಸಲಾರರು.

ನಮ್ಮ ಬೆಟ್ಟಂಪಾಡಿಯಲ್ಲಿ ಹೊರಗಿನವರಾಗಲು ಹಡಗು ಹತ್ತಬೇಕಾಗಿರಲಿಲ್ಲ. ಮೈಸೂರಿನಿಂದ ಬಂದ ಪೋಸ್ಟ್ ಮಾಸ್ಟರು ಎಷ್ಟು ವರ್ಷ ಇದ್ದರೂ ‘ಘಟ್ಟದವರು’. ಸುಳ್ಯದ ಹತ್ತಿರದ ಅಜ್ಜಾವರದಿಂದ ಮದುವೆಯಾಗಿ ಬಂದ ನನ್ನ ಅತ್ತಿಗೆ ಮೂರು ಮಕ್ಕಳಾದ ಮೇಲೂ ‘ಸುಳ್ಯದ ಕಡೆಯವಳು’. ಪರಂಗಿ ಮಾತ್ರ ಬಿಳಿಯರಿಗೆ ಮೀಸಲು. ಹೀಗಿರುವಾಗ ಅರುವತ್ತರ ದಶಕದಲ್ಲಿ ನಾನು ರಾಮಕುಂಜದ ಮಾಸ್ತರಿಕೆ ಬಿಟ್ಟು ಗಣಿತ ಕಲಿಸಲು ಇಥಿಯೋಪಿಯಾಕ್ಕೆ ಹೋದೆ. ಮೊದಲ ದಿನವೇ ಬೀದಿಯ ಮಕ್ಕಳು ‘ಫೆರೆಂಜಿ, ಫೆರೆಂಜಿ’ ಎಂದು ಕೂಗುತ್ತ ಬೆನ್ನಿಗೆ ಬಿದ್ದರು. ಅರಬರು ಯುರೋಪಿನವರಿಗೆ ಇಟ್ಟ ಹೆಸರೊಂದು ಒಂದು ದಾರಿಯಲ್ಲಿ ನಮ್ಮಲ್ಲಿಗೂ ಇನ್ನೊಂದರಲ್ಲಿ ಅಲ್ಲಿಗೂ ತಲುಪಿದೆಯಂತೆ. ಪಂಡಿತರ ಮಾತು ಹಾಗಿರಲಿ, ಮೂರು ವರ್ಷ ನಾನು ಪರಂಗಿಯಾಗಿಯೇ ಬದುಕಿದೆ. ಮನೆಗೆ ಹೋದರೆ ಇದು ಮುಗಿಯಿತು ಎಂಬುದೊಂದೇ ಸಮಾಧಾನ.

ಮನೆಗೆ ಬಂದೆ. ಬೂಟು ಬಿಚ್ಚದೆ ಜಗಲಿಯ ಬೆಂಚಿನಲ್ಲಿ ಕುಳಿತದ್ದೇ ತಪ್ಪಾಯಿತೋ ಏನೋ, ಅಮ್ಮ ತಟ್ಟೆಯಲ್ಲಿ ಬೆಲ್ಲ, ಚೊಂಬಿನಲ್ಲಿ ನೀರು ತಂದಿಟ್ಟಳು.

“ಆಸರಿಗೆ ತಕೊ. ಪ್ರಯಾಣ ಎಲ್ಲ ಸುಖ ಆಯ್ತಾ?”

ನಮ್ಮಲ್ಲಿ ಬೆಲ್ಲ-ನೀರು ನೆಂಟರಿಗೆ. ಮನೆಯವರು ಸೀದಾ ಒಳಗೆ ಹೋಗಿ ಕೊಡಪಾನದಿಂದ ಬಗ್ಗಿಸಿ ಕುಡಿಯುತ್ತಾರೆ. ಅಲ್ಲಿ ಫೆರೆಂಜಿ, ಇಲ್ಲಿ ನೆಂಟ. ಹಾಗಾದರೆ ನಾನು ಎಲ್ಲಿಯವ ಮಾರಾಯ್ರೆ? ಬೆಲ್ಲ ಕಚ್ಚಿ ನೀರು ಕುಡಿದೆ, ನೆಂಟರ ಹಾಗೆಯೇ.

ಮಧ್ಯಾಹ್ನ ಉಂಡವನೇ ಕೈತೊಳೆಯಲು ಎದ್ದುಹೋದೆ. ಇಥಿಯೋಪಿಯಾದಲ್ಲಿ ಅಡುಗೆಯವ ತಟ್ಟೆ ಎತ್ತುತ್ತಿದ್ದ ಅಭ್ಯಾಸ. ನಮ್ಮಲ್ಲಿ ಉಂಡ ಎಲೆಯನ್ನು ನೆಂಟರು ತೆಗೆಯುವ ಕ್ರಮವಿಲ್ಲ, ಮನೆಯವರು ಮಾತ್ರ ತಮ್ಮ ತಮ್ಮ ಎಲೆ ತಾವೇ ತೆಗೆಯಬೇಕು. ಅತ್ತಿಗೆ ನನ್ನ ಎಲೆಗೆ ಬಗ್ಗಿದ್ದರು. ಅಷ್ಟರಲ್ಲಿ ಒಳಗಿನಿಂದ ಅಮ್ಮನ ಸ್ವರ.

“ಏ, ನೀನು ಮುಟ್ಬೇಡ! ಅವನ ಎಲೆ ಅವನೇ ತೆಗೀಲಿ. ಬೂಟು ಹಾಕಿದವರಿಗೆ ಸೊಂಟ ಬಗ್ಗುದಿಲ್ವಾ ಎಂತ? ಸೆಗಣಿ ಹಾಕಿ ನೆಲ ಒರೆಸ್ಲಿ ಸಹ!”

ಅಬ್ಬ! ಅಷ್ಟು ಇಂಪಾದ ಬೈಗಳನ್ನು ನಾನು ಮೂರು ವರ್ಷದಲ್ಲಿ ಕೇಳಿರಲಿಲ್ಲ. ಎಲೆ ಮಡಚಿ ಎಸೆದು ಬಂದು, ಪ್ಯಾಂಟು ಮೇಲೆ ಸರಿಸಿ, ಖುಷಿಯಿಂದಲೇ ನೆಲ ಒರೆಸಿದೆ. ಕಣ್ಣಲ್ಲಿ ನೀರೂ ಬಂತು. ಅತ್ತಿಗೆ ಬಾಗಿಲಿಗೆ ಒರಗಿ ನಗುತ್ತಿದ್ದರು.

“ನಿಮ್ಮದು ಪುಣ್ಯ ಮಾಷ್ಟ್ರೆ, ಒಂದೇ ಊಟಕ್ಕೆ ಮನೆಯವರಾದ್ರಿ. ನಾನು ಹತ್ತು ವರ್ಷದಿಂದ ಒರೆಸ್ತಾ ಇದ್ದೇನೆ, ಇನ್ನೂ ಸುಳ್ಯದ ಕಡೆಯವಳೇ.”

ಅಲ್ಲಿಯವರೆಗೆ ಆ ಮನೆಯಲ್ಲಿ ಪರದೇಶ ಕಂಡವನು ನಾನೊಬ್ಬನೇ ಎಂದುಕೊಂಡಿದ್ದೆ.